ಬಿಪಿ ಮಷೀನಿಗೆ ನಾಲ್ಕು ಸ್ಟಾರ್, ಅದರ ಪಟ್ಟಿಗೆ ಎರಡು

ದೀಪಾವಳಿಗೆ ಮುಂಚೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷೀನ್ ತಗೊಂಡೆ. 1,850 ರೂಪಾಯಿ. ಬಾಕ್ಸ್ ಮೇಲೆ ಎಂಆರ್‌ಪಿ 2,600 ಅಂತ ಇತ್ತು, ಆ ರೇಟಿಗೆ ಯಾರೂ ತಗೊಳ್ಳಲ್ಲ ಅಂತ ಅಂಗಡಿಯವನೇ ಹೇಳಿದ. ಕಂಪನಿ ಹೆಸರು ಹಾಕುವುದಿಲ್ಲ. ನನ್ನ ತಕರಾರು ಆ ಒಂದು ಕಂಪನಿಯ ಮೇಲೆ ಅಲ್ಲ. ಆಮೇಲೆ ಬೇರೆ ಮೂರು ಕಂಪನಿಯ ಬಾಕ್ಸ್ ತಿರುಗಿಸಿ ನೋಡಿದೆ, ಎಲ್ಲದರ ಮೇಲೂ ತೋಳಿಗೆ ಸುತ್ತುವ ಪಟ್ಟಿಯ ಅಳತೆ ಹೆಚ್ಚುಕಡಿಮೆ ಒಂದೇ ಥರ ಬರೆದಿತ್ತು. ಈಗ ಮೂರು ತಿಂಗಳು ಬಳಸಿದ್ದೇನೆ. ತಗೊಳ್ಳಬೇಕು ಅಂತ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ತಗೊಂಡಿದ್ದು ಅಮ್ಮನಿಗೆ. ಅವರಿಗೆ 71 ವರ್ಷ, ಬಿಪಿ ಮಾತ್ರೆ ತಗೊಳ್ಳಲು ಶುರು ಮಾಡಿ ಹತ್ತು ವರ್ಷ ಆಯ್ತು. ನಾನು ಶಿವಮೊಗ್ಗದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ, ಮುಖ್ಯ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಬಿಪಿ ನೋಡಿಸಬೇಕು ಅಂದರೆ ರಸ್ತೆವರೆಗೆ ನಡೆದು, ಬಸ್ ಕಾದು, ತೀರ್ಥಹಳ್ಳಿಗೆ ಹೋಗಿ, ಡಾಕ್ಟರ್ ಹತ್ತಿರ ಟೋಕನ್ ತಗೊಂಡು ಕೂರಬೇಕು. ಅಷ್ಟೆಲ್ಲಾ ಮಾಡಿ ಹೋದ ಮೇಲೆ ಬಿಪಿ ಏರದೆ ಇನ್ನೇನಾಗುತ್ತೆ. ಮನೆಯಲ್ಲೇ ನೋಡಿ ಬರೆದಿಡಿ ಅಂತ ಡಾಕ್ಟರೇ ಹೇಳಿದರು.

ಮೊದಲು ಮಷೀನ್ ಬಗ್ಗೆ. ಚೆನ್ನಾಗಿದೆ. ಅಂಕಿ ದಪ್ಪ, ಅಪ್ಪ ಕನ್ನಡಕ ಇಲ್ಲದೆ ಓದುತ್ತಾರೆ. ಒಂದೇ ಗುಂಡಿ, ಒತ್ತಿದರೆ ಆಯ್ತು. 60 ರೀಡಿಂಗ್ ನೆನಪಿಟ್ಟುಕೊಳ್ಳುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಬೇಕು. ಜೊತೆಗೆ ಕೊಟ್ಟ ಸೆಲ್ ಮೂರು ವಾರಕ್ಕೇ ಸತ್ತವು, ಆಮೇಲೆ ನಾನು ಹಾಕಿದ್ದು ಇನ್ನೂ ಓಡುತ್ತಿವೆ. ಅಡಾಪ್ಟರ್ ಬೇರೆ ಕೊಳ್ಳಬೇಕು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ನೆಂಟರ ಥರ, ಬಂದು ಹೋಗುತ್ತೆ, ಹಾಗಾಗಿ ಸೆಲ್ಲೇ ವಾಸಿ. ಒಂದು ಸಲ ಮಷೀನನ್ನೇ ತೀರ್ಥಹಳ್ಳಿಗೆ ಒಯ್ದು ಡಾಕ್ಟರ್ ಹತ್ತಿರ ಇರುವುದರ ಜೊತೆ ಹೋಲಿಸಿದೆ. ಅವರದ್ದು 138, ನಮ್ಮದು 141. ಅಷ್ಟು ವ್ಯತ್ಯಾಸ ಪರವಾಗಿಲ್ಲ ಅಂದರು. ಕೊಂಡವರು ಈ ಒಂದು ಕೆಲಸ ಮರೆಯದೆ ಮಾಡಿ.

ಜೊತೆಗೆ ಬರುವ ಪುಸ್ತಿಕೆಯಲ್ಲಿ ಕನ್ನಡ ಇಲ್ಲ. ತೋಳಿಗೆ ಸುತ್ತುವ ಪಟ್ಟಿಗೆ ಅದರಲ್ಲಿ ಕಫ್ ಅಂತಾರೆ. ನಾನು ಗಟ್ಟಿಯಾಗಿ ಓದುವಾಗ ಅಮ್ಮ, ಕಫಕ್ಕೂ ಬಿಪಿಗೂ ಏನೋ ಸಂಬಂಧ ಅಂದರು. ಆವತ್ತಿಂದ ನಮ್ಮನೆಯಲ್ಲಿ ಅದು ಪಟ್ಟಿ.

ಆ ಪುಸ್ತಿಕೆಯಲ್ಲಿ ಒಂದು ಪುಟ ಪೂರ್ತಿ ನಿಯಮ ಇದೆ. ಅರ್ಧ ಗಂಟೆ ಮುಂಚೆ ಕಾಫಿ, ಟೀ, ತಂಬಾಕು ಬೇಡ. ಮೈ ದಣಿಯುವ ಕೆಲಸ ಬೇಡ. ಒಂದಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ, ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲಿಡಿ. ಐದು ನಿಮಿಷ ಸುಮ್ನೆ ಕೂತಿರಿ, ಮಾತಾಡಬೇಡಿ. ಆಮೇಲೆ ಗುಂಡಿ ಒತ್ತಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಇವು ಸುಮ್ನೆ ಬರೆದಿದ್ದಲ್ಲ. ಬೆನ್ನಿಗೆ ಆಸರೆ ಇಲ್ಲದಿದ್ದರೆ, ಕೈ ಜೋತು ಬಿದ್ದಿದ್ದರೆ, ಮಾತಾಡುತ್ತಿದ್ದರೆ ಬಿಪಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಅಮ್ಮನಿಗೆ ಇದೆಲ್ಲಾ ಸಲೀಸು. ಜಗಲಿಯ ಮೇಲೆ ಬೆತ್ತದ ಕುರ್ಚಿ ಇದೆ, ಪಕ್ಕದಲ್ಲಿ ಸ್ಟೂಲ್ ಇದೆ, ಐದು ನಿಮಿಷ ಸುಮ್ನೆ ಕೂರುವುದಷ್ಟೇ ಸ್ವಲ್ಪ ಕಷ್ಟ. 136/82. ಬರೆದುಕೊಂಡೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾಲ್ಕೂವರೆ ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

ಆಗ ಕೊಯ್ಲಿನ ಸಮಯ. ನಮ್ಮದು ಸಣ್ಣ ತೋಟ, ಸುಲಿಯುವ ಮಷೀನ್ ತಗೊಳ್ಳುವಷ್ಟು ಅಡಿಕೆ ಇಲ್ಲ, ಹಾಗಾಗಿ ಇನ್ನೂ ಮೆಟ್ಟುಗತ್ತಿಯಲ್ಲೇ ಸುಲಿಸುತ್ತೇವೆ. ಸಂಜೆ ಆರಕ್ಕೆ ಶುರುವಾದರೆ ರಾತ್ರಿ ಹತ್ತೂವರೆ, ಹನ್ನೊಂದು. ಅಂಗಳದ ಚಪ್ಪರದ ಕೆಳಗೆ ಎರಡು ಬಲ್ಬು, ಏಳೆಂಟು ಜನ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ, ಆ ಕಡೆ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಕೆಜಿ ಲೆಕ್ಕದ ಕೂಲಿ. ಭಾನುವಾರ ನಾನು ಮಷೀನ್ ಹಿಡಿದುಕೊಂಡು ಚಪ್ಪರಕ್ಕೆ ಹೋದೆ. ಹೊಸ ವಸ್ತು ತಗೊಂಡವನ ಚಟ, ಎಲ್ಲರಿಗೂ ತೋರಿಸಬೇಕು ಅಲ್ವಾ. ಯಾರಿಗೆಲ್ಲಾ ಬಿಪಿ ನೋಡಲಿ ಅಂದೆ.

ನಿಯಮದ ಪುಟ ಅಲ್ಲೇ ಮೊದಲ ಸಾಲಿಗೇ ಮುಗ್ಗರಿಸಿತು. ಅರ್ಧ ಗಂಟೆ ತಂಬಾಕು ಬೇಡ ಅಂದರೆ, ಅಲ್ಲಿದ್ದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರ ಬಾಯಲ್ಲೂ ಎಲೆ, ಅಡಿಕೆ, ಹೊಗೆಸೊಪ್ಪು. ಅದು ಶೋಕಿಗಲ್ಲ. ಮಧ್ಯಾಹ್ನ ಎರಡಕ್ಕೆ ಉಂಡವರು ಮನೆಗೆ ಹೋಗಿ ಉಣ್ಣುವುದು ರಾತ್ರಿ ಹನ್ನೊಂದರ ಮೇಲೆ, ನಡುವೆ ಹಸಿವು ಮರೆಸುವುದು ಅದೇ. ಮೈ ದಣಿಯುವ ಕೆಲಸ ಬೇಡ ಅನ್ನುವ ಸಾಲನ್ನು ನಾನು ಓದಲೇ ಇಲ್ಲ, ನಾಚಿಕೆ ಆಯಿತು. ಐದು ನಿಮಿಷ ಸುಮ್ನೆ ಕೂರಿ ಅಂದಾಗ ಒಬ್ಬರು ನಕ್ಕರು. ಐದು ನಿಮಿಷಕ್ಕೆ ಎಷ್ಟು ಅಡಿಕೆ ಅಂತ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ.

ಆದರೂ ನೋಡಿದೆ. ಎರಡು ಜನರದ್ದು ಸರಿಯಾಗಿ ಬಂತು. ಮೂರನೆಯವರು, ಅವರ ಹೆಸರು ಹಾಕುವುದಿಲ್ಲ, ಅಕ್ಕ ಅಂತಲೇ ಬರೆಯುತ್ತೇನೆ, ನಮ್ಮ ಮನೆಗೆ ಇಪ್ಪತ್ತೈದು ವರ್ಷದಿಂದ ಕೆಲಸಕ್ಕೆ ಬರುವವರು. ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ಗುಂಯ್ ಅಂತ ಗಾಳಿ ತುಂಬಿತು, ನಿಂತಿತು, ಮತ್ತೆ ತುಂಬಿತು, ಎರರ್ ಅಂತ ಬಂತು. ಬಿಗಿ ಮಾಡಿ ಮತ್ತೆ ಕಟ್ಟಿದೆ. ಎರರ್. ಮೂರನೇ ಸಲ 126/78 ಅಂತ ಬಂತು.

"ಸಣ್ಣಯ್ಯ, ನಿಮ್ ಮಷೀನಿಗೆ ನನ್ ಕಂಡ್ರೆ ಆಗಲ್ಲ ಕಾಣತ್ತೆ" ಅಂದರು. ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮನೆಗೆ ಬರಲು ಶುರು ಮಾಡಿದಾಗಿಂದ ನನ್ನನ್ನು ಬಹುವಚನದಲ್ಲೇ ಕರೆಯುತ್ತಾರೆ. ನಮ್ಮನೆಯವರು ಅವರನ್ನು ಬಾರೇ, ಹೋಗೇ ಅಂತಾರೆ. ಇದೂ ಒಂದು ಅಳತೆಯೇ ಇರಬೇಕು, ಇರಲಿ.

126 ಅಂದರೆ ಒಳ್ಳೆಯದೇ, ನಿಮಗೇನಿಲ್ಲ ಅಂತ ಹೇಳಿಬಿಟ್ಟೆ. ರಾತ್ರಿ ಮಲಗುವಾಗ ಎರರ್ ಯಾಕೆ ಬಂತು ಅಂತ ಪುಸ್ತಿಕೆ ತೆಗೆದೆ. ಕೊನೆಯ ಪುಟದಲ್ಲಿತ್ತು. ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಬೆಳಿಗ್ಗೆ ಅಮ್ಮನ ಹೊಲಿಗೆ ಮಷೀನಿನ ಡ್ರಾಯರಿನಿಂದ ಟೇಪು ತೆಗೆದುಕೊಂಡು ಹೋಗಿ ಅಕ್ಕನ ತೋಳು ಅಳೆದೆ. ಇಪ್ಪತ್ತೂವರೆ. ನನ್ನದು 31. ಅಮ್ಮನದು 29.

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ, ಆದರೆ ಮಾರುವವರು ಯಾರೂ ಹೇಳುವುದಿಲ್ಲ. ಪಟ್ಟಿ ತೋಳಿಗೆ ಸರಿಯಾಗದಿದ್ದರೆ ಅಂಕಿ ಸುಳ್ಳು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ತೆಳ್ಳನೆ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಕಡಿಮೆ ತೋರಿಸುತ್ತದೆ. ಈಗ ಯೋಚನೆ ಮಾಡಿ. ತಿಂದುಂಡು ದಪ್ಪ ಇರುವವನಿಗೆ ಮಷೀನ್ ತಪ್ಪು ಹೇಳಿದರೆ ಅವನು ಹೆದರಿ ಡಾಕ್ಟರ್ ಹತ್ತಿರ ಓಡುತ್ತಾನೆ, ಒಂದು ಫೀಸು ದಂಡ, ಅಷ್ಟೇ. ಸೊರಗಿದವಳಿಗೆ ತಪ್ಪು ಹೇಳಿದರೆ ನಿನಗೇನಿಲ್ಲ ಹೋಗು ಅಂತ ಮನೆಗೆ ಕಳಿಸುತ್ತದೆ. ನಾನು ಮಾಡಿದ್ದು ಅದನ್ನೇ. ಬಿಪಿ ಅಂದರೆ ಉಂಡವರ ಕಾಯಿಲೆ ಅನ್ನುವ ನಂಬಿಕೆ ನಮ್ಮಲ್ಲಿ ಇದೆಯಲ್ಲ, ಆ ನಂಬಿಕೆಯ ಅಳತೆಗೇ ಪಟ್ಟಿ ಹೊಲಿದ ಹಾಗಿದೆ.

ಅದೇ ದುರ್ಗಿಗುಡಿ ಅಂಗಡಿಗೆ ಹೋಗಿ ಸಣ್ಣ ಪಟ್ಟಿ ಬೇಕು ಅಂದೆ. ಸ್ಟಾಕ್ ಇರಲಿಲ್ಲ, ತರಿಸಬೇಕು, 750 ರೂಪಾಯಿ, ಅಡ್ವಾನ್ಸ್ ಕೊಡಿ ಅಂದ. ಬರೆದುಕೊಳ್ಳುತ್ತಾ ಕೇಳಿದ, "ಮಗು ಎಷ್ಟು ವರ್ಷದ್ದು ಸರ್?"

"ಐವತ್ತೈದು" ಅಂದೆ.

ಅವನು ಪೆನ್ನು ನಿಲ್ಲಿಸಿ ನೋಡಿದ. ಅವನ ತಪ್ಪಲ್ಲ, ಸಣ್ಣ ಪಟ್ಟಿ ಕೇಳುವವರೆಲ್ಲಾ ಮಕ್ಕಳಿಗೇ ಕೇಳುತ್ತಾರಂತೆ. ದೊಡ್ಡವರಲ್ಲಿ ಅಷ್ಟು ಸಣ್ಣ ತೋಳು ಇರುವವರು ಬಿಪಿ ಮಷೀನ್ ಕೊಳ್ಳಲು ಅಂಗಡಿಗೆ ಬರುವುದಿಲ್ಲ, ಬಂದರೆ ತಾನೇ ಅವನಿಗೆ ಗೊತ್ತಾಗುವುದು. ಮಷೀನಿನ ಬೆಲೆಯ ಹತ್ತಿರ ಹತ್ತಿರ ಅರ್ಧದಷ್ಟು ಬೆಲೆ ಆ ಪಟ್ಟಿಗೆ. ಬಾಕ್ಸಿನಲ್ಲೇ ಎರಡು ಪಟ್ಟಿ ಇಟ್ಟು ಕೊಟ್ಟರೆ ಕಂಪನಿ ಮುಳುಗುತ್ತಿರಲಿಲ್ಲ. ಈಗ ಕೆಲವು ಮಾಡೆಲ್ಲಿನಲ್ಲಿ 22ರಿಂದ 42ರ ಪಟ್ಟಿ ಬರುತ್ತದೆ. ಅಂದರೆ ದಪ್ಪದ ಕಡೆಗೆ ಹತ್ತು ಸೆಂಟಿಮೀಟರ್ ಹಿಗ್ಗಿಸಿದ್ದಾರೆ, ತೆಳುವಿನ ಕಡೆ ಒಂದು ಸೆಂಟಿಮೀಟರ್ ಕೂಡ ಸರಿದಿಲ್ಲ.

ಹನ್ನೆರಡು ದಿನಕ್ಕೆ ಪಟ್ಟಿ ಬಂತು. ಈ ಸಲ ನಿಯಮದ ಪ್ರಕಾರವೇ ನೋಡೋಣ ಅಂತ ಅಕ್ಕನನ್ನು ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಎಲೆ ಅಡಿಕೆ ಹಾಕದೆ ಬನ್ನಿ ಅಂದಿದ್ದೆ. ಬಂದರು. ಜಗಲಿಯ ಬೆತ್ತದ ಕುರ್ಚಿ ತೋರಿಸಿ ಕೂತುಕೊಳ್ಳಿ ಅಂದೆ. ಅವರು ಕುರ್ಚಿ ನೋಡಿದರು, ಅಮ್ಮನನ್ನು ನೋಡಿದರು, ಮೆಟ್ಟಿಲ ಮೇಲೆ ಕೂತರು. ಇಲ್ಲೇ ಆಗತ್ತೆ ಸಣ್ಣಯ್ಯ, ಅಂದರು. ಬೆನ್ನಿಗೆ ಆಸರೆ ಬೇಕು ಅಂತ ನಾನು ಪುಸ್ತಿಕೆ ತೋರಿಸಿ ಹಟ ಮಾಡಿದೆ. ಅಮ್ಮ ಒಳಗಿನಿಂದ "ಕೂತ್ಕೊಳ್ಳೇ, ಏನಾಗಲ್ಲ" ಅಂದ ಮೇಲೆ ಕುರ್ಚಿಯ ಅಂಚಿನಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತ ಹಾಗೆ ಕೂತರು. ಇಪ್ಪತ್ತೈದು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವರು ಕೂತಿದ್ದು ಅದೇ ಮೊದಲು. ನನಗೆ ಅದು ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ, ನಾನೇನು ದೊಡ್ಡ ಸುಧಾರಕ ಅಲ್ಲ.

ಐದು ನಿಮಿಷ. ಅವರ ಕಣ್ಣು ಅಂಗಳದ ಕಡೆಗೇ ಇತ್ತು. 168/100. ಒಂದು ನಿಮಿಷ ಬಿಟ್ಟು ಮತ್ತೆ, 164/98.

ಕುರ್ಚಿಯ ಮೇಲೆ ಅನುಮಾನ ಬಂತು. ಆಸ್ಪತ್ರೆಯಲ್ಲಿ ಬಿಳಿ ಕೋಟು ನೋಡಿದರೆ ಕೆಲವರ ಬಿಪಿ ಏರುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಬೆತ್ತದ ಕುರ್ಚಿಗೂ ಏರಬಾರದು ಅಂತ ಏನಿಲ್ಲವಲ್ಲ. ಮುಂದಿನ ಭಾನುವಾರ ಮಷೀನ್ ತಗೊಂಡು ಅವರ ಮನೆಗೇ ಹೋದೆ. ನೆಲದ ಮೇಲೆ ಚಾಪೆ, ಗೋಡೆಗೆ ಒರಗಿ ಕೂತರು, ತೋಳಿನ ಕೆಳಗೆ ಅಕ್ಕಿ ಡಬ್ಬ ಇಟ್ಟೆವು. ಮೊಮ್ಮಗ ಪಕ್ಕದಲ್ಲಿ ಗುಂಡಿ ನಾನು ಒತ್ತುತ್ತೇನೆ ಅಂತ ಗಲಾಟೆ. 152/94. 164ರಿಂದ ಇಳಿದ ಹನ್ನೆರಡು ಪಾಯಿಂಟ್ ನಮ್ಮ ಜಗಲಿಯದ್ದು. ಅದು ಬೇರೆ ದಿನ, ಬೇರೆ ಹೊತ್ತು, ಒಂದೇ ಸಲದ ಲೆಕ್ಕ, ಇದನ್ನೇ ಪಕ್ಕಾ ಅಂತ ತಗೊಳ್ಳಬೇಡಿ. ಆದರೆ ಆ ಹನ್ನೆರಡನ್ನು ಕಳೆದರೂ ಬಿಪಿ ಜಾಸ್ತಿ ಅನ್ನುವ 140/90ರ ಗೆರೆಯ ಮೇಲೇ ಇದೆ. ಪಟ್ಟಿ ದೊಡ್ಡದಿದ್ದಾಗ 126 ತೋರಿಸಿತ್ತು, ನೆನಪಿರಲಿ.

ನಾನು ಸ್ವಲ್ಪ ಓದುವ ಚಟದವನು. ತೆಳ್ಳಗಿರುವವರಿಗೆ, ದಿನವಿಡೀ ಮೈಮುರಿದು ದುಡಿಯುವವರಿಗೆ ಬಿಪಿ ಯಾಕೆ ಬರುತ್ತೆ ಅಂತ ಹುಡುಕಿದೆ. ಉಪ್ಪು ಒಂದು ಕಾರಣ, ಸರಿ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಜಿಗೆ ಉಪ್ಪಿನಕಾಯಿ, ಮಳೆಗಾಲಕ್ಕೆ ಒಣಮೀನು, ತರಕಾರಿ ವಾರಕ್ಕೊಂದು ದಿನ ಸಂತೆಯಿಂದ, ಹೀಗೆ ಊಟ ಇರುವವರಿಗೆ ಆ ಐದು ಗ್ರಾಂ ಬೆಳಗಿನ ಗಂಜಿಗೇ ಮುಗಿಯುತ್ತದೆ. ಹಾಗಂತ ನಮ್ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಡಿಮೆ ತಿನ್ನುತ್ತೇವಾ? ಇಲ್ಲ. ನಮ್ಮ ತಟ್ಟೆಯಲ್ಲಿ ಅದರ ಪಕ್ಕದಲ್ಲಿ ಬೇರೆ ನಾಲ್ಕು ಪದಾರ್ಥ ಇರುತ್ತವೆ, ಅಷ್ಟೇ ವ್ಯತ್ಯಾಸ.

ನನಗೆ ಹೆಚ್ಚು ತಾಗಿದ್ದು ಮೈಸೂರಿನ ಒಂದು ಅಧ್ಯಯನ, ಅದು ಬಿಪಿಯದ್ದಲ್ಲ, ಹೃದಯದ ಕಾಯಿಲೆಯದ್ದು. ಅಲ್ಲಿನ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕವನ್ನೆಲ್ಲಾ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಆ ಪುಸ್ತಕ ಹಿಡಿದು, 1934ರಿಂದ 1954ರ ನಡುವೆ ಹುಟ್ಟಿದವರಲ್ಲಿ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನರಿಗೆ ಹೃದಯದ ಕಾಯಿಲೆ. ಸುಮಾರು ಮೂರು ಕೆಜಿಗಿಂತ ಜಾಸ್ತಿ ಇದ್ದವರಲ್ಲಿ ಶೇ. 3. ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 1996ರಲ್ಲಿ ಬಂತು. ಅಂದರೆ ಬಸುರಿದ್ದಾಗ ಅವ್ವ ಏನು ಉಂಡಿದ್ದಳು, ಎಷ್ಟು ದುಡಿದಿದ್ದಳು ಅನ್ನುವುದು ಮಗುವಿನ ಐವತ್ತನೇ ವಯಸ್ಸಿಗೆ ಎದೆಯಲ್ಲಿ ಬಂದು ಕೂರಬಹುದು. ಅಕ್ಕ ಹುಟ್ಟಿದ್ದು ನಾಟಿ ಸಮಯದಲ್ಲಂತೆ, ಗದ್ದೆಯಿಂದ ಬಂದ ರಾತ್ರಿ. ತೂಕ ನೋಡುವವರು ಯಾರು. ಕೈಯಲ್ಲಿ ಹಿಡಿದರೆ ಅಂಗೈಯಷ್ಟೇ ಇದ್ದೆನಂತೆ ಅಂತ ಅವರೇ ನಗುತ್ತಾ ಹೇಳಿದರು.

ಇನ್ನೊಂದು ನನ್ನ ಕೆಲಸಕ್ಕೇ ಸಂಬಂಧಪಟ್ಟಿದ್ದು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ಸುಮಾರು 18,000 ಗಂಡಸರು. ಮೈಕೆಲ್ ಮಾರ್ಮಟ್ ಅನ್ನುವ ಡಾಕ್ಟರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಲ್ಲಿ ಯಾರೂ ಹಸಿದವರಲ್ಲ. ಎಲ್ಲರಿಗೂ ಖಾಯಂ ಕೆಲಸ, ಪಿಂಚಣಿ, ಸರ್ಕಾರದ ಉಚಿತ ಆಸ್ಪತ್ರೆ. ಆದರೂ ಕೆಳಗಿನ ದರ್ಜೆಯವರು, ಅಂದರೆ ಬಾಗಿಲು ಕಾಯುವವರು, ಫೈಲ್ ಹೊರುವವರು, ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಹೃದಯದ ಕಾಯಿಲೆಯಿಂದ ಸಾಯುತ್ತಿದ್ದರು. ಬೀಡಿ ಸಿಗರೇಟು, ಕೊಬ್ಬು, ಬಿಪಿ ಎಲ್ಲಾ ಲೆಕ್ಕ ಹಾಕಿದರೂ ಈ ವ್ಯತ್ಯಾಸದ ಮೂರನೇ ಒಂದು ಭಾಗಕ್ಕಷ್ಟೇ ಉತ್ತರ ಸಿಕ್ಕಿತು. ಮತ್ತೆ ಇದು ತುದಿಯ ಇಬ್ಬರ ಕಥೆ ಅಲ್ಲ. ಪ್ರತಿ ಮೆಟ್ಟಿಲಿಗೂ ವ್ಯತ್ಯಾಸ. ಮೇಲಿನಿಂದ ಎರಡನೇ ಮೆಟ್ಟಿಲಿನವರು ಮೊದಲಿನವರಿಗಿಂತ ಬೇಗ.

ನಮ್ಮ ಕಚೇರಿಯಲ್ಲಿ ಡಿ ದರ್ಜೆ, ಎಸ್‌ಡಿಎ, ಎಫ್‌ಡಿಎ, ಸೂಪರಿಂಟೆಂಡೆಂಟ್, ಸಾಹೇಬರು, ಹೀಗೆ ಐದು ಮೆಟ್ಟಿಲು ಎಣಿಸಿ ನಾನು ನಡುವಿನಲ್ಲಿದ್ದೇನೆ ಅಂತ ಸಮಾಧಾನ ಮಾಡಿಕೊಂಡೆ. ನನ್ನ ಬಿಪಿ 132/86. ಸಾಹೇಬರ ಬಿಪಿ ನೋಡುವ ಧೈರ್ಯ ಮಾಡಲಿಲ್ಲ.

ಅದೇ ಅಧ್ಯಯನದಲ್ಲಿ ಬಿಪಿ ಮಷೀನ್ ಇರುವ ಎಲ್ಲರೂ ಕೇಳಬೇಕಾದ ಒಂದು ಸಂಗತಿ ಇದೆ. ಕೆಲಸದ ಹೊತ್ತಿನಲ್ಲಿ ಮೇಲಿನವರದ್ದೂ ಕೆಳಗಿನವರದ್ದೂ ಬಿಪಿ ಒಂದೇ ಥರ ಏರಿತ್ತು. ಮನೆಗೆ ಹೋದ ಮೇಲೆ ಮೇಲಿನವರದ್ದು ಚೆನ್ನಾಗಿ ಇಳಿಯಿತು. ಕೆಳಗಿನವರದ್ದು ಅಷ್ಟು ಇಳಿಯಲಿಲ್ಲ. ಇದನ್ನು ಓದಿದ ಮೇಲೆ ಅಕ್ಕನ ಮನೆಯ 152 ನನಗೆ ಬೇರೆ ಥರ ಕಾಣಿಸಿತು. ಹನ್ನೊಂದಕ್ಕೆ ಸುಲಿದು ಹೋಗಿ, ಅನ್ನ ಮಾಡಿ, ಪಾತ್ರೆ ತೊಳೆದು, ಬೆಳಿಗ್ಗೆ ಐದಕ್ಕೆ ಏಳುವ ಮೈ ಯಾವಾಗ ಇಳಿಯಬೇಕು?

ಇದೆಲ್ಲಾ ದುಡ್ಡಿನ ವಿಷಯ, ದುಡ್ಡು ಬಂದರೆ ಸರಿಹೋಗುತ್ತೆ ಅನ್ನುವವರಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. 2022ರಲ್ಲಿ ಬಂದ ಒಂದು ಅಧ್ಯಯನ ಉತ್ತರ ಪ್ರದೇಶ, ಬಿಹಾರದ ಥರದ ಒಂಬತ್ತು ರಾಜ್ಯಗಳ ಲೆಕ್ಕ ಹಾಕಿತ್ತು, ಕರ್ನಾಟಕ ಅದರಲ್ಲಿಲ್ಲ. ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳು ಸರಾಸರಿ ನಾಲ್ಕು ವರ್ಷಕ್ಕಿಂತ ಜಾಸ್ತಿ, ದಲಿತರು ಮೂರು ವರ್ಷಕ್ಕಿಂತ ಜಾಸ್ತಿ ಕಡಿಮೆ ಬದುಕುತ್ತಾರೆ. ಮನೆಯ ಆರ್ಥಿಕ ಸ್ಥಿತಿ ಈ ಅಂತರದ ಅರ್ಧಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಕಾರಣ. ಉಳಿದಿದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ನಮ್ಮ ಜಗಲಿಯ ಕುರ್ಚಿ ತೋರಿಸಿಯೇನು.

ಮಲೆನಾಡಿನವರಿಗೆ ಇದು ಹೊಸದೂ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಅದೇ ಕಾಯಿಲೆಗೆ ಎಷ್ಟೋ ಜನ ಸತ್ತಿದ್ದು ನಮಗೆಲ್ಲಾ ನೆನಪಿದೆ. ಅದನ್ನು ಹರಡುವ ಉಣುಗು ಜಾತಿ ನೋಡಿ ಕಚ್ಚುವುದಿಲ್ಲ, ನಿಜ. ಆದರೆ ಸೌದೆಗೆ, ತರಗೆಲೆಗೆ, ದನ ಹೊಡೆದುಕೊಂಡು ಕಾಡಿಗೆ ಹೋಗುವವರು ಯಾರು, ಸಿಲಿಂಡರ್ ಹಚ್ಚಿ ಜಗಲಿಯಲ್ಲಿ ಕೂರುವವರು ಯಾರು ಅಂತ ಅದಕ್ಕೆ ಗೊತ್ತಿರುವ ಹಾಗೆ ಕಾಣುತ್ತದೆ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರನ್ನು ಕೇಳಿ. ನಾಡಿಗೆ ಕರೆಂಟು ಕೊಡಲು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ್ದು 1964ರಲ್ಲಿ. ಸೇತುವೆ ಬಂದಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ರಾತ್ರಿ ಎದೆನೋವು ಬಂದರೆ ಬೆಳಗಿನ ಲಾಂಚ್ ಬರುವವರೆಗೆ ಎದೆ ಕಾಯಬೇಕಿತ್ತು. ಪಾರ್ಶ್ವವಾಯು ಹೊಡೆದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಿಗುವುದು ನಾಲ್ಕೂವರೆ ಗಂಟೆ. ನಮ್ಮೂರಿನಿಂದ ಕಾರು ಇದ್ದವರು ಘಾಟಿ ಇಳಿದು ಮಣಿಪಾಲಕ್ಕೋ, ಮೇಲೆ ಶಿವಮೊಗ್ಗಕ್ಕೋ ಅಷ್ಟರಲ್ಲಿ ಮುಟ್ಟಬಹುದು. ಕಾರಿಲ್ಲದವರು ಯಾರ ಕಾರು ಅಂತ ಹುಡುಕುವುದಕ್ಕೇ ಒಂದು ಗಂಟೆ.

ಇರಲಿ, ಅಕ್ಕನ ವಿಷಯಕ್ಕೆ ಬರುತ್ತೇನೆ. ಒಂದು ಮಷೀನಿನ ಅಂಕಿ ನೋಡಿ ಮಾತ್ರೆ ಕೊಡಬಾರದು, ಅಮ್ಮನ ಮಾತ್ರೆ ಅವರಿಗೆ ಕೊಟ್ಟುಬಿಡೋಣ ಅಂತ ಅಪ್ಪ ಹೇಳಿದ್ದನ್ನು ನಾನು ತಡೆದೆ, ನೀವೂ ಅಂಥದ್ದು ಮಾಡಬೇಡಿ. ನಾಲ್ಕು ದಿನದ ರೀಡಿಂಗ್ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅಕ್ಕ ಆಸ್ಪತ್ರೆಗೆ ಹೋದರು. ಅಲ್ಲಿದ್ದ ಮಷೀನಿಗೂ ಅದೇ ದೊಡ್ಡ ಪಟ್ಟಿ. 130 ಬಂತಂತೆ, ನಾರ್ಮಲ್ ಅಂತ ಕಳಿಸಿದರು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಅಲ್ಲಿನ ಸಿಸ್ಟರ್ ಒಳ್ಳೆಯವರೇ, ದಿನಕ್ಕೆ ನೂರು ಜನ. ಒಂದು ದಿನದ ಕೂಲಿ ಹೋಯಿತು. ಎರಡನೇ ಸಲ ಅಕ್ಕ ನಮ್ಮ ಸಣ್ಣ ಪಟ್ಟಿಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಸೀದಾ ಡಾಕ್ಟರ್ ಮುಂದೆ ಬಿಚ್ಚಿಟ್ಟು, "ನಂದು ತೋಳು ಸಣ್ಣದು, ಇದ್ರಲ್ಲಿ ನೋಡಿ" ಅಂದರಂತೆ. ಅಲ್ಲಿನ ಮಷೀನೂ ಅದೇ ಕಂಪನಿಯದ್ದು, ಪೈಪು ಕೂತಿತು. 156. ಡಾಕ್ಟರ್ ಮಾತ್ರೆ ಬರೆದರು, ಅಮ್ಲೋಡಿಪಿನ್ 5, ಒಂದು ತಿಂಗಳಿಗೆ ಪುಕ್ಕಟೆ. ಇನ್ನೊಂದು ದಿನದ ಕೂಲಿ ಹೋಯಿತು.

ಜನೌಷಧಿ ಅಂಗಡಿಯಲ್ಲಿ ಈ ಮಾತ್ರೆ ಹತ್ತರ ಒಂದು ಸ್ಟ್ರಿಪ್‌ಗೆ ಹತ್ತು ರೂಪಾಯಿ ಒಳಗೆ. ಮಾತ್ರೆ ದುಬಾರಿ ಅಲ್ಲವೇ ಅಲ್ಲ. ದುಬಾರಿ ಆಗಿದ್ದು ಆ ಎರಡು ದಿನ, ಬಸ್ ಚಾರ್ಜು, ಸಣ್ಣ ಪಟ್ಟಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಅಕ್ಕನ ಹತ್ತಿರವೂ ಆ ಕಾರ್ಡ್ ಇದೆ, ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಎದೆ ಒಡೆದ ಮೇಲೆ 5 ಲಕ್ಷ ಇದೆ. ಒಡೆಯುವ ಮುಂಚೆ ಬೇಕಾದ 750 ರೂಪಾಯಿಯ ಪಟ್ಟಿಗೆ ಯಾವ ಕಾರ್ಡೂ ಇಲ್ಲ.

ಈಗ ಕೊಳ್ಳುವವರಿಗೆ. ಅಂಗಡಿಗೆ ಹೋಗುವಾಗ ಹೊಲಿಗೆ ಟೇಪು ತಗೊಂಡು ಹೋಗಿ, ಯಾರಿಗೆ ಕೊಳ್ಳುತ್ತೀರೋ ಅವರ ಮೊಣಕೈಗೂ ಭುಜಕ್ಕೂ ನಡುವೆ ಸುತ್ತಳತೆ ನೋಡಿ. 22ಕ್ಕಿಂತ ಕಡಿಮೆ ಇದ್ದರೆ ಸಣ್ಣ ಪಟ್ಟಿ ಕೇಳಿ, 17ರಿಂದ 22 ಅಂತ ಬರೆದಿರುತ್ತದೆ. ಅದೇ ಕಂಪನಿಯದ್ದೇ ಆಗಬೇಕು, ಬೇರೆಯದ್ದು ಪೈಪು ಕೂತರೂ ಅಂಕಿ ನಂಬುವ ಹಾಗಿಲ್ಲ. ಮಣಿಕಟ್ಟಿಗೆ ಕಟ್ಟುವ ಮಷೀನ್ ಚೆಂದ ಕಾಣುತ್ತೆ ಅಂತ ತಗೊಳ್ಳಬೇಡಿ, ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ. ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿಕೊಳ್ಳಿ, ನಾನು ಮರೆತೆ, ಮತ್ತೆ ಹೋಗಬೇಕಾಯಿತು. ಕುರ್ಚಿ ಇಲ್ಲದಿದ್ದರೆ ಗೋಡೆ ಸಾಕು, ತೋಳಿನ ಕೆಳಗೆ ಡಬ್ಬ ಇಡಿ.

ಮಷೀನ್ ನಮ್ಮನೆಯಲ್ಲಿದೆ, ಸಣ್ಣ ಪಟ್ಟಿ ಅಕ್ಕನ ಮನೆಯಲ್ಲಿದೆ. ಭಾನುವಾರ ನಾನು ಊರಿಗೆ ಹೋದರೆ ಮಷೀನ್ ತಗೊಂಡು ಹೋಗುತ್ತೇನೆ, ಇಲ್ಲದಿದ್ದರೆ ಅಪ್ಪ ಹೋಗುತ್ತಾರೆ. ಮೊದಮೊದಲು ಅಪ್ಪ ಬಾಗಿಲಲ್ಲೇ ನಿಂತು ನೋಡಿ ಬರುತ್ತಿದ್ದರು. ಹೋದ ವಾರ ಒಳಗೆ ಚಾಪೆಯ ಮೇಲೆ ಕೂತು ಕಾಫಿ ಕುಡಿದು ಬಂದರು ಅಂತ ಅಮ್ಮ ಫೋನಿನಲ್ಲಿ ದೂರು ಹೇಳಿದರು. ಆವತ್ತು ಅಕ್ಕನದು 142/88. ಎಲೆ ಅಡಿಕೆ ಇನ್ನೂ ಬಿಟ್ಟಿಲ್ಲ, ಉಪ್ಪಿನಕಾಯಿ ಸ್ವಲ್ಪ ಕಡಿಮೆ ಮಾಡಿದ್ದೇನೆ ಅಂತಾರೆ, ನಾನು ನಂಬಿಲ್ಲ.

ಚಪ್ಪರದಲ್ಲಿ ಸುಲಿಯುವ ಉಳಿದವರ ತೋಳನ್ನೂ ಟೇಪಿನಲ್ಲಿ ಅಳೆದೆ. ಇನ್ನೂ ಮೂರು ಜನರದ್ದು 22ರ ಒಳಗೆ. ಸಣ್ಣ ಪಟ್ಟಿ ಇನ್ನೊಂದು ಬೇಕು, ಆರೋಗ್ಯ ಉಪಕೇಂದ್ರದಲ್ಲೇ ಇಡಲಿ ಅಂತ ದುರ್ಗಿಗುಡಿಯವನಿಗೆ ಫೋನ್ ಮಾಡಿದೆ. ದನಿ ಗುರುತು ಹಿಡಿದ. ಈ ಸಲ ಮಗುವಿನ ವಯಸ್ಸು ಕೇಳಲಿಲ್ಲ, ಹತ್ತು ದಿನ ಆಗುತ್ತೆ ಸರ್ ಅಂದ.